ಕಂಪ್ಯೂಟರಿನಲ್ಲಿ ಮುತ್ತಜ್ಜ ಸಿಗುತ್ತಾನೆಯೇ?

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕೊಡುವ ಹೋಂವರ್ಕ್‌ಗಳಲ್ಲಿ ವಂಶವೃಕ್ಷ ಬರೆದು ತರುವುದೂ ಒಂದು. ಮಗು ಡ್ರಾಯಿಂಗ್ ಹಾಳೆಯ ಮೇಲೆ ಮರವೊಂದನ್ನು ಬಿಡಿಸಿ, ಬುಡದಲ್ಲಿ ಅಜ್ಜ-ಅಜ್ಜಿ, ಕವಲುಗಳಲ್ಲಿ ಅಪ್ಪ-ಅಮ್ಮ, ಚಿಕ್ಕಪ್ಪ-ಅತ್ತೆಯರ ಹೆಸರುಗಳನ್ನು ತುಂಬಿ, ತುದಿಯಲ್ಲಿ ತನ್ನ ಹೆಸರನ್ನು ಸ್ವಲ್ಪ ದೊಡ್ಡದಾಗಿಯೇ ಬರೆದುಕೊಳ್ಳುತ್ತದೆ. ಅಲ್ಲಿಯವರೆಗೆ ತೊಂದರೆಯಿಲ್ಲ. ಬೇರಿನ ಕಡೆ ಇಳಿಯಬೇಕಾದಾಗ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಜ್ಜನ ತಂದೆಯ ಹೆಸರು ಹೇಗೋ ನೆನಪಾಗುತ್ತದೆ. ಅಜ್ಜಿಯ ತಾಯಿಯ ಹೆಸರು? 'ಊರಿಗೆ ಫೋನು ಮಾಡಿ ಕೇಳೋಣ' ಎಂದು ಅಪ್ಪ ಜಾರಿಕೊಳ್ಳುತ್ತಾರೆ. ಈಗಿನ ಮಕ್ಕಳು ಅಷ್ಟಕ್ಕೆ ಸುಮ್ಮನಾಗುವವರಲ್ಲ. 'ಇಂಟರ್‌ನೆಟ್ಟಿನಲ್ಲಿ ಹುಡುಕಿದರಾಯಿತು' ಎಂದು ಮೊಬೈಲು ಕೈಗೆತ್ತಿಕೊಳ್ಳುತ್ತಾರೆ.

ಹುಡುಕಿದರೆ ಸಿಗುತ್ತದೆಯೇ? ಪೂರ್ವಿಕರನ್ನು ಹುಡುಕಿಕೊಡುವುದಾಗಿ ಹೇಳುವ ಜಾಲತಾಣಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಕೆಲವು ಉಚಿತ, ಕೆಲವಕ್ಕೆ ಡಾಲರ್ ಲೆಕ್ಕದಲ್ಲಿ ಚಂದಾ ತೆರಬೇಕು. ದುಡ್ಡು ಕಟ್ಟುವ ಮೊದಲು ತಂದೆ-ತಾಯಿಗಳು ಒಂದು ವ್ಯತ್ಯಾಸವನ್ನು ತಿಳಿದುಕೊಂಡರೆ ಒಳ್ಳೆಯದು. ಹಿರಿಯರನ್ನು ಹುಡುಕುವ ಸಾಧನ ಬೇರೆ. ಹುಡುಕಿ ಸಿಕ್ಕವರನ್ನು ಜೋಪಾನವಾಗಿ ಬರೆದಿಡುವ ಸಾಧನ ಬೇರೆ. ವಿದೇಶಿ ತಾಣಗಳು ನಮ್ಮ ಮಟ್ಟಿಗೆ ಎರಡನೆಯದಕ್ಕೆ ಚೆನ್ನಾಗಿ ಒದಗುತ್ತವೆ, ಮೊದಲನೆಯದಕ್ಕೆ ಅಷ್ಟಾಗಿ ಒದಗುವುದಿಲ್ಲ.

ಕಾರಣ ಸರಳ. ಯಾರೋ ಒಂದು ಕಾಲದಲ್ಲಿ ಕಾಗದದ ಮೇಲೆ ಬರೆದಿಟ್ಟಿದ್ದನ್ನು ಮಾತ್ರ ಕಂಪ್ಯೂಟರು ಹುಡುಕಬಲ್ಲದು. ಅಮೆರಿಕದಲ್ಲಿ ಜನಗಣತಿಯ ಮನೆಮನೆ ಪಟ್ಟಿಗಳನ್ನು 72 ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಪಟ್ಟಿ 2022ರಲ್ಲಿ ಹೊರಬಂತು. ಇಂಗ್ಲೆಂಡಿನಲ್ಲಿ ನೂರು ವರ್ಷದ ಗಡುವು. 1921ರ ಪಟ್ಟಿಯೂ ಅದೇ 2022ರಲ್ಲಿ ಬಿಡುಗಡೆಯಾಯಿತು. ಇದರ ಜೊತೆಗೆ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಮಣ್ಣಿನ ದಫ್ತರಗಳಿವೆ. ಹಾಗಾಗಿ ಅಲ್ಲಿನ ವಿದ್ಯಾರ್ಥಿ ಹೆಸರು, ಊರು ಕೊಟ್ಟು ಗುಂಡಿ ಒತ್ತಿದರೆ ಮುತ್ತಜ್ಜನ ವಯಸ್ಸು, ಕಸುಬು, ಮನೆಯಲ್ಲಿದ್ದ ಮಕ್ಕಳು ಎಲ್ಲವೂ ಕಣ್ಣಮುಂದೆ ಬರುತ್ತವೆ. ನಮ್ಮಲ್ಲಿ 1948ರ ಜನಗಣತಿ ಕಾಯಿದೆಯ ಪ್ರಕಾರ ಮನೆಯವರು ಕೊಟ್ಟ ವಿವರ ಗುಟ್ಟು. ಎಷ್ಟು ವರ್ಷವಾದರೂ ಹೆಸರು ಹಿಡಿದು ನೋಡುವ ಅವಕಾಶವಿಲ್ಲ. ಜನನ-ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಅಜ್ಜಂದಿರ ಜನ್ಮದಿನ ಜೂನ್ 1 ಆಗಿರುವುದು ಗ್ರಹಗತಿಯಿಂದಲ್ಲ. ಶಾಲೆಗೆ ಸೇರಿಸಿಕೊಂಡ ಮೇಷ್ಟರ ಅನುಕೂಲದಿಂದ.

ಹೆಸರಿನ ಗೋಜಲು

ಈ ತಾಣಗಳನ್ನು ತೆರೆದರೆ ಎರಡು ಚೌಕಗಳು ಎದುರಾಗುತ್ತವೆ: ಮೊದಲ ಹೆಸರು, ಕೊನೆಯ ಹೆಸರು. ಕೊನೆಯ ಹೆಸರು ತಂದೆಯಿಂದ ಮಗನಿಗೆ ಬದಲಾಗದೆ ಇಳಿದುಬರುತ್ತದೆ ಎಂಬುದು ಇವನ್ನು ಕಟ್ಟಿದವರ ನಂಬಿಕೆ. ಹಳೆಯ ಮೈಸೂರು ಸೀಮೆಯ ಒಂದು ಮನೆಯನ್ನು ತೆಗೆದುಕೊಳ್ಳಿ. ಎಲ್ಲರಿಗೂ ಗೊತ್ತಿರುವ ಮನೆಯೇ ಆಗಲಿ. ಕುಪ್ಪಳಿಯ ವೆಂಕಟಪ್ಪಗೌಡರು. ಅವರ ಮಗ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಅಂದರೆ ಕುವೆಂಪು. ಅವರ ಮಗ ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿ. ಮೂರು ತಲೆಮಾರಿನಲ್ಲಿ ಕೊನೆಯ ಹೆಸರು ಒಂದೂ ಹೊಂದುವುದಿಲ್ಲ. ಯಂತ್ರದ ಕಣ್ಣಿಗೆ ಇವರು ಮೂವರು ಅಪರಿಚಿತರು. ಆದರೆ ಇನಿಷಿಯಲ್ಲುಗಳನ್ನು ಬಿಡಿಸಿ ಓದಿದರೆ ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂದು ಸರಪಳಿ ಕಡಿಯದೆ ಹೋಗುತ್ತದೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರ ಡಿ.ವಿ. ಎಂಬ ಎರಡಕ್ಷರವೂ ಇದೇ ಕೆಲಸ ಮಾಡುತ್ತದೆ. ಆದ್ದರಿಂದ ಮನೆಯ ಹಿರಿಯರ ಇನಿಷಿಯಲ್ಲುಗಳ ಪೂರ್ಣರೂಪವನ್ನು ಮೊದಲು ಕೇಳಿ ಬರೆದುಕೊಳ್ಳಿ. ಯಾವ ಜಾಲತಾಣವೂ ಕೊಡದ ಎರಡು ಸುಳಿವು ಅಲ್ಲೇ ಇರುತ್ತವೆ.

ಉತ್ತರ ಕರ್ನಾಟಕದವರಿಗೆ ಅಡ್ಡಹೆಸರಿನ ಅನುಕೂಲವಿದೆ. ಕೊಡಗಿನವರಿಗಂತೂ ಒಕ್ಕದ ಹೆಸರು ಮೊದಲೇ ಬರುತ್ತದೆ. ಸೇನಾಧಿಪತಿಗಳಾದ ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಕೊಡಂದೇರ ಒಕ್ಕದವರು ಎಂಬುದು ಹೆಸರಿನಿಂದಲೇ ತಿಳಿಯುತ್ತದೆ. ಆದರೆ ವಿದೇಶಿ ತಾಣದ 'ಕೊನೆಯ ಹೆಸರಿನ' ಚೌಕದಲ್ಲಿ ಕಾರ್ಯಪ್ಪ ಎಂದು ತುಂಬಿದರೆ ಒಕ್ಕದ ಕೊಂಡಿ ತಪ್ಪಿತು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಇನ್ನೊಂದು ತೊಡಕು. ಹಳೆಯ ಕಾಗದದಲ್ಲಿ ಒಬ್ಬ ಯಜಮಾನನ ನಂತರ ಬರುವ ಹೆಸರು ಮಗನದಲ್ಲ, ಸೋದರಳಿಯನದು. ಅದನ್ನು ತಂದೆ-ಮಗ ಎಂದು ಓದಿಕೊಂಡರೆ ಮರ ಬೇರೆಯೇ ಬಳ್ಳಿಗೆ ಹಬ್ಬುತ್ತದೆ. ಇನ್ನು ಅಕ್ಕನ ಮಗಳನ್ನೇ ಮದುವೆಯಾದ ತಾತಂದಿರಿರುವ ಮನೆಗಳು! ಅಲ್ಲಿ ಅತ್ತೆಯೇ ಅಜ್ಜಿ. ಒಬ್ಬರೇ ವ್ಯಕ್ತಿ ಮರದಲ್ಲಿ ಎರಡು ಕಡೆ ಕಾಣಿಸಿಕೊಂಡರೆ ಹೆದರಬೇಕಾಗಿಲ್ಲ.

ಕಾಗುಣಿತದ ಕಾಟ ಇದಕ್ಕೆ ಹೊರತು. ಉಚ್ಚಾರಣೆ ಹತ್ತಿರವಿದ್ದು ಸ್ಪೆಲ್ಲಿಂಗ್ ಬೇರೆಯಿರುವ ಹೆಸರುಗಳನ್ನು ಒಟ್ಟುಗೂಡಿಸಲು 'ಸೌಂಡೆಕ್ಸ್' ಎಂಬ ಸೂತ್ರವಿದೆ. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಆದ ಇದು ಇಂದಿಗೂ ಬಳಕೆಯಲ್ಲಿದೆ. ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಹಾಗೆಯೇ ಇಟ್ಟುಕೊಂಡು, ಮುಂದಿನ ವ್ಯಂಜನಗಳನ್ನು ಮೂರು ಅಂಕಿಗಳಾಗಿ ಮಾಡುವುದು ಅದರ ಕ್ರಮ. ಲಕ್ಷ್ಮಣ ಎಂಬುದನ್ನು ನಾವು ಬರೆಯುವ ಎರಡು ಮೂರು ರೀತಿಗಳೂ 'ಎಲ್ 255' ಎಂಬ ಒಂದೇ ಸಂಕೇತಕ್ಕೆ ಬರುತ್ತವೆ. ಭೇಷ್ ಎನ್ನಬೇಕು. ಆದರೆ ವೆಂಕಪ್ಪ 'ವಿ 521', ಅದೇ ಮನುಷ್ಯನನ್ನು ಊರಿನವರು ಕರೆದಂತೆ ಯಂಕಪ್ಪ ಎಂದು ಬರೆದಿದ್ದರೆ 'ವೈ 521'. ಅಂಕಿಗಳೆಲ್ಲ ಸರಿಯಾಗಿಯೇ ಇವೆ. ಮೊದಲಕ್ಷರ ಬೇರೆಯಾದ್ದರಿಂದ ಯಂತ್ರ ಕೈಚೆಲ್ಲುತ್ತದೆ. ನಾವೇ ಎರಡೂ ರೀತಿಯಲ್ಲಿ ಹುಡುಕಬೇಕು.

ಪಹಣಿಯಲ್ಲಿರುವ ಪೂರ್ವಿಕರು

ಹಾಗಾದರೆ ನಮ್ಮವರನ್ನು ಬರೆದಿಟ್ಟವರೇ ಇಲ್ಲವೇ? ಇದ್ದಾರೆ, ಶಾನುಭೋಗರು. ಭೂಮಿ ಇದ್ದ ಕುಟುಂಬಕ್ಕೆ ಕಂದಾಯ ಇಲಾಖೆಯ 'ಭೂಮಿ' ತಾಣಕ್ಕಿಂತ ಒಳ್ಳೆಯ ವಂಶಾವಳಿ ತಾಣ ಇನ್ನೊಂದಿಲ್ಲ ಎಂದರೆ ಅತಿಶಯೋಕ್ತಿಯಾಗಲಾರದು. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಯೋಜನೆ ಇದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಕೊಟ್ಟರೆ ಪಹಣಿ ಕಾಣುತ್ತದೆ. ಸಾಲಕ್ಕೂ ಸಬ್ಸಿಡಿಗೂ ಮಾತ್ರ ಪಹಣಿ ನೋಡುವ ನಾವು ಅದರ ಭಾಷೆಯನ್ನು ಗಮನಿಸುವುದಿಲ್ಲ. ತಿಮ್ಮೇಗೌಡ ಬಿನ್ ಕೆಂಚೇಗೌಡ. ನಿಂಗಮ್ಮ ಕೋಂ ಲೇಟ್ ತಿಮ್ಮೇಗೌಡ. ಅರಬ್ಬಿಯಿಂದ ಬಂದ 'ಬಿನ್' ಎಂದರೆ ಮಗ, 'ಕೋಂ' ಎಂದರೆ ಹೆಂಡತಿ. ಇಷ್ಟು ತಿಳಿದರೆ ಒಂದೊಂದು ಸಾಲೂ ಮರದ ಒಂದೊಂದು ಕೊಂಬೆ.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಮ್ಯುಟೇಷನ್ ನಂಬರು ಹಿಡಿಯಬೇಕು. ಖಾತೆ ಒಬ್ಬರಿಂದ ಒಬ್ಬರಿಗೆ ಯಾಕೆ ಹೋಯಿತು, ಪೌತಿಯೋ, ವಿಭಾಗವೋ, ಕ್ರಯವೋ, ದಾನವೋ ಎಂಬುದು ಅಲ್ಲಿರುತ್ತದೆ. ಪೌತಿ ಎಂದಿದ್ದರೆ ಒಬ್ಬರು ತೀರಿಕೊಂಡು ವಾರಸುದಾರರ ಹೆಸರು ಬಂದಿದೆ ಎಂದರ್ಥ. ಅಂದರೆ ಒಂದು ತಲೆಮಾರು ಹಿಂದಕ್ಕೆ ಹೋದಂತಾಯಿತು. ಕಂಪ್ಯೂಟರಿಗೆ ಮುಂಚಿನ ಕೈಬರಹದ ಪಹಣಿ, ಮ್ಯುಟೇಷನ್ ದಫ್ತರಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿವೆ. ಅವನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಸರ್ಕಾರ ಇತ್ತೀಚಿನ ವರ್ಷಗಳಲ್ಲಿ 'ಭೂಸುರಕ್ಷಾ' ಎಂಬ ಯೋಜನೆಯಡಿ ಕೈಹಾಕಿದೆ. ಒಂದು ಎಚ್ಚರಿಕೆ: 1956ಕ್ಕೆ ಮುಂಚೆ ನಮ್ಮದು ಒಂದೇ ರಾಜ್ಯವಾಗಿರಲಿಲ್ಲ. ಮುಂಬಯಿ ಪ್ರಾಂತದ ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಮೋಡಿ ಲಿಪಿಯ ಕಾಗದ ಬರಬಹುದು. ನಿಜಾಮರ ಆಳ್ವಿಕೆಯ ಬೀದರ್, ಕಲಬುರಗಿ, ರಾಯಚೂರಿನಲ್ಲಿ ಉರ್ದು, ಪಾರಸಿ. ಓದುವವರನ್ನು ಹುಡುಕುವುದೇ ಅರ್ಧ ಕೆಲಸ.

ಭೂಮಿ ಇಲ್ಲದವರ ಕತೆ? ಇಲ್ಲಿಯೇ ಈ ಸಾಧನದ ಬಡತನ ಗೊತ್ತಾಗುತ್ತದೆ. ಕೂಲಿ ಮಾಡಿದವನ ಹೆಸರನ್ನು ಪಹಣಿ ಬರೆಯಲಿಲ್ಲ. ಆದರೂ ಕೆಲವು ಕಿಂಡಿಗಳಿವೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಭೂನ್ಯಾಯಮಂಡಳಿಗೆ ಕೊಟ್ಟ ಫಾರಂ ನಂಬರ್ 7ರ ಕಡತಗಳಲ್ಲಿ, ಯಾವ ಜಮೀನನ್ನು ಯಾರು ಎಷ್ಟು ಕಾಲದಿಂದ ಉಳುತ್ತಿದ್ದರು ಎಂಬ ಹೇಳಿಕೆಗಳಿವೆ. ತೋಟಿ, ತಳವಾರಿಕೆಯಂಥ ಗ್ರಾಮಸೇವೆಯ ಇನಾಮು ಜಮೀನುಗಳನ್ನು ಮರುಮಂಜೂರು ಮಾಡಿದ ಕಡತಗಳಲ್ಲೂ ವಂಶದ ವಿವರ ಇರುತ್ತದೆ. ಮತ್ತೊಂದು, ಎಲ್ಲರೂ ಮರೆಯುವಂಥದು: ಊರಿನ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕ. ನೂರು ವರ್ಷ ದಾಟಿದ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮುಖ್ಯೋಪಾಧ್ಯಾಯರನ್ನು ವಿನಯದಿಂದ ಕೇಳಿದರೆ ಬೀರುವಿನ ಕೆಳಗಿನ ಅರೆಯಿಂದ ಅದು ಹೊರಬರುತ್ತದೆ.

ಹೆಣ್ಣುಮಕ್ಕಳ ಹೆಸರು

'ಕೋಂ' ಎಂಬ ಎರಡಕ್ಷರದ ಬಗ್ಗೆ ಇನ್ನೊಂದು ಮಾತು. ಗಂಡ ತೀರಿಕೊಂಡು ಖಾತೆ ತನ್ನ ಹೆಸರಿಗೆ ಬಂದಾಗ ಮಾತ್ರ ಹೆಂಗಸು ಪಹಣಿಯಲ್ಲಿ ಕಾಣಿಸಿಕೊಂಡಳು. ಅವಳು ಯಾರ ಮಗಳು, ಯಾವ ಊರಿನಿಂದ ಬಂದವಳು ಎಂಬುದು ಅಲ್ಲಿಲ್ಲ. ಮದುವೆಯಾಗಿ ಹೋದ ಮಗಳಂತೂ ತೌರಿನ ಕಾಗದದಿಂದ ಪೂರ್ತಿ ಮಾಯ. ಇದು ಬರಿಯ ಇತಿಹಾಸದ ಪ್ರಶ್ನೆಯಲ್ಲ. ಪೌತಿ ಖಾತೆಗೆಂದು ನಾಡಕಚೇರಿಗೆ ಕೊಡುವ ವಂಶವೃಕ್ಷವೂ ಮಗು ಶಾಲೆಗೆ ಬರೆದುಕೊಂಡು ಹೋಗುವ ಮರದ ಅಣ್ಣನೇ. ಆ ಮರದಲ್ಲಿ ಅತ್ತೆಯಂದಿರ ಕೊಂಬೆಗಳನ್ನು ಮುರಿದು ಬರೆದ ಮನೆಗಳೆಷ್ಟೋ. ಕರ್ನಾಟಕ 1994ರಲ್ಲಿಯೇ ಕಾಯಿದೆ ತಿದ್ದಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. ಅದಕ್ಕೆ ಮುಂಚೆ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2005ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಈಗ ಕೋರ್ಟುಗಳಲ್ಲಿರುವ ಎಷ್ಟೋ ವಿಭಾಗದ ದಾವೆಗಳ ಮೊದಲ ಕಾಗದ ಬಿಟ್ಟುಹೋದ ಹೆಸರಿನ ವಂಶವೃಕ್ಷವೇ.

ತೌರಿನ ಕಡೆಯ ಸಂಬಂಧಗಳಿಗೆ ಮನುಷ್ಯರನ್ನೇ ಕೇಳಬೇಕು. ಉತ್ತರ ಕರ್ನಾಟಕದಲ್ಲಿ ಹೆಳವರು ಇದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು, ಗಂಟೆ ಬಾರಿಸಿ, ಮನೆತನದ ಮೂಲಪುರುಷನಿಂದ ಹಿಡಿದು ಈಗಿನ ಕೂಸಿನವರೆಗೆ ಹೇಳಿ, ಕಾಳು ಪಡೆದು, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವವರು. ಯಾವ ಊರು ಬಿಟ್ಟು ಯಾವ ಊರಿಗೆ ಬಂದಿರಿ ಎಂಬುದನ್ನೂ ಅವರು ಹೇಳುತ್ತಾರೆ. ಪಟ್ಟಣದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವನು ಎತ್ತನ್ನು ಬಿಡುವುದಿಲ್ಲವಾದ್ದರಿಂದ, ಅವರು ಊರಿಗೆ ಬರುವ ಕಾಲಕ್ಕೆ ನಾವೇ ಹೋಗಬೇಕು.

ಹರಿದ್ವಾರದ ಪಂಡಾಗಳ ಬಹಿಗಳೂ ಇದೇ ಜಾತಿಯವು. ಅಲ್ಲಿಂದಲೇ ವಿದೇಶಿ ತಾಣಗಳಿಗೊಂದು ಸೇತುವೆ ಇದೆ. ಅಮೆರಿಕದ ಯೂಟಾದಲ್ಲಿರುವ ಮಾರ್ಮನ್ ಚರ್ಚಿನವರು ನಡೆಸುವ 'ಫ್ಯಾಮಿಲಿಸರ್ಚ್' ತಾಣದಲ್ಲಿ ಹಿಂದೂ ಯಾತ್ರಾಸ್ಥಳಗಳ ಬಹಿಗಳ ಚಿತ್ರಗಳ ಸಂಗ್ರಹವೇ ಇದೆ. ಸಂಪೂರ್ಣ ಉಚಿತ, ಖಾತೆ ತೆರೆದರೆ ಸಾಕು. ಹೆಚ್ಚಾಗಿ ಉತ್ತರದವರ ವಂಶಗಳಾದ್ದರಿಂದ ನಮ್ಮವರಿಗೆ ಸಿಗುವುದು ಅಪರೂಪ.

ಕಡಲಾಚೆಯ ದಫ್ತರ

ವಿದೇಶಿ ತಾಣಗಳು ನಿಜವಾಗಿ ಕೈಹಿಡಿಯುವುದು ಪೂರ್ವಿಕರು ಬ್ರಿಟಿಷರ ಕೈಕೆಳಗೆ ಸೈನ್ಯಕ್ಕೋ ಕೂಲಿಗೋ ಹೋಗಿದ್ದರೆ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ತಾಣದಲ್ಲಿ ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಮಂದಿಯ ದಾಖಲೆ ಉಚಿತವಾಗಿದೆ. ಹಲವು ಭಾರತೀಯ ಸಿಪಾಯಿಗಳ ಹೆಸರಿನ ಮುಂದೆ ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಜಿಲ್ಲೆಗಳೂ ಇವೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಕಾದಿದ ಮೈಸೂರು ಲ್ಯಾನ್ಸರ್ಸ್‌ನವರನ್ನು, ಮೆಸೊಪೊಟೇಮಿಯದಲ್ಲಿ ಮಡಿದ ಮರಾಠಾ ಪಡೆಗಳವರನ್ನು ದಳದ ಹೆಸರು ಕೊಟ್ಟು ಹುಡುಕಬಹುದು. ಬ್ರಿಟಿಷ್ ಇಂಡಿಯಾದಲ್ಲಿದ್ದ ಆಂಗ್ಲ ಕುಟುಂಬಗಳಿಗೆ 'ಫಿಬಿಸ್' ಎಂಬ ಸಂಘದ ತಾಣವಿದೆ. ಕೋಲಾರದ ಚಿನ್ನದ ಗಣಿಯ, ಬೆಂಗಳೂರು ದಂಡಿನ ಆಂಗ್ಲೋ ಇಂಡಿಯನ್ ಮನೆತನಗಳವರು ಅಲ್ಲಿ ನೋಡಬೇಕು.

ಕೂಲಿಗೆ ಹೋದವರ ದಾಖಲೆಗಳಂತೂ ಮನಸ್ಸನ್ನು ಕಲಕುವಂಥವು. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕದ ನಟಾಲ್‌ಗೆ ಹೋದ 1,52,184 ಮಂದಿಯ ಹಡಗಿನ ಪಟ್ಟಿಗಳಿವೆ. ಅವರಲ್ಲಿ ಹೆಚ್ಚಿನವರು ಮದರಾಸಿನಿಂದ ಹಡಗು ಹತ್ತಿದವರು. ಮಾರಿಷಸ್‌ಗೆ ಹೋದ ಸುಮಾರು ನಾಲ್ಕೂವರೆ ಲಕ್ಷ ಜನರ ದಫ್ತರಗಳು ಅಲ್ಲಿನ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿವೆ. ಹೆಸರು, ತಂದೆ, ಜಾತಿ, ಊರು, ವಯಸ್ಸು, ಮೈಮೇಲಿನ ಗುರುತು. ಕೆಲವರ ಫೋಟೋ ಕೂಡ. ಊರಲ್ಲೇ ಉಳಿದ ಅವರ ಅಣ್ಣತಮ್ಮಂದಿರ ಬಗ್ಗೆ ಇಷ್ಟು ವಿವರ ಎಲ್ಲಿಯೂ ಇಲ್ಲ. ಓಡಿಹೋದರೆ ಹಿಡಿಯಬೇಕಲ್ಲ, ಅದಕ್ಕೇ ಅಷ್ಟು ಅಚ್ಚುಕಟ್ಟಾಗಿ ಬರೆದರು.

ಜಾಹೀರಾತಿನಲ್ಲಿ ಹೆಚ್ಚು ಕಾಣುವುದು ಎಂಜಲು ಪರೀಕ್ಷೆ, ಅಂದರೆ ಡಿಎನ್‌ಎ. ಇದು ನಮ್ಮ ವಿದ್ಯಾರ್ಥಿಗಳಿಗೆ ಸದ್ಯಕ್ಕೆ ಬೇಡ ಎಂಬುದು ಈ ಲೇಖಕನ ಅಭಿಪ್ರಾಯ. ಪರೀಕ್ಷೆ ಮಾಡಿಸಿಕೊಂಡವರ ನಡುವೆ ಮಾತ್ರ ಅದು ನೆಂಟರನ್ನು ಹುಡುಕುತ್ತದೆ. ನಮ್ಮವರು ಅಲ್ಲಿ ತೀರ ಕಡಿಮೆ. ತಲೆತಲಾಂತರದಿಂದ ಸೋದರಸಂಬಂಧದಲ್ಲಿ ಮದುವೆಯಾದ ಸಮುದಾಯಗಳಲ್ಲಿ ದೂರದವರೂ ಹತ್ತಿರದ ದಾಯಾದಿಗಳಂತೆ ಕಾಣುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಗುಟ್ಟಿನ ಪ್ರಶ್ನೆ. '23ಆ್ಯಂಡ್‌ಮಿ' ಎಂಬ ಪ್ರಸಿದ್ಧ ಕಂಪೆನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಗಿರಾಕಿಗಳ ವಿವರ ಕಳುವಾಯಿತು. 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ರಕ್ತ ಬದಲಾಯಿಸಲಾಗದು. ಒಬ್ಬರು ಕೊಟ್ಟ ಎಂಜಲು ಅಣ್ಣತಮ್ಮ, ಅಕ್ಕತಂಗಿಯರ ವಿಷಯವನ್ನೂ ಹೇಳುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.

ತೀರಿಹೋದವರನ್ನು ಹುಡುಕುವ ಉತ್ಸಾಹದಲ್ಲಿ ಬದುಕಿರುವವರ ಬೆನ್ನು ಹತ್ತಬಾರದು. ಮತದಾರರ ಪಟ್ಟಿಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರು ಇರುತ್ತವೆ. ಫೇಸ್‌ಬುಕ್ಕಿನಲ್ಲಿ ಊರಿನ ಹೆಸರಿನ ಗುಂಪುಗಳಿವೆ. ದೂರವಾದ ನೆಂಟರಿಗೆ ಒಂದು ಸಲ ಸಂದೇಶ ಕಳಿಸಿ. ಉತ್ತರ ಬಾರದಿದ್ದರೆ ಅದೇ ಉತ್ತರ. ಕಾಣೆಯಾದ ಮಕ್ಕಳ ವಿಷಯದಲ್ಲಿ ಮಾತ್ರ ಇಂಥ ಪ್ರಯೋಗ ಮಾಡದೆ ಪೊಲೀಸರಿಗೆ ತಿಳಿಸಬೇಕು, 1098ಕ್ಕೆ ಕರೆ ಮಾಡಬೇಕು. ದತ್ತು ಹೋದವರು ತಮ್ಮ ಮೂಲ ತಿಳಿಯಬಯಸಿದರೆ ಕೇಂದ್ರದ ದತ್ತು ಪ್ರಾಧಿಕಾರವಾದ 'ಕಾರಾ'ದಲ್ಲಿ ಅದಕ್ಕೆಂದೇ ಕ್ರಮವಿದೆ. 18 ತುಂಬಿದವರು ತಾವೇ ಅರ್ಜಿ ಹಾಕಬಹುದು, ಚಿಕ್ಕವರು ಸಾಕಿದ ತಂದೆ-ತಾಯಿಯರ ಜೊತೆಗೂಡಿ ಹಾಕಬೇಕು.

ಎಲ್ಲಿ ಬರೆದಿಡುವುದು?

ಇಷ್ಟೆಲ್ಲ ಕಲೆಹಾಕಿದ್ದನ್ನು ಇಡಲು ಮೂರು ಬಗೆಯ ತಾಣಗಳಿವೆ. ಫ್ಯಾಮಿಲಿಸರ್ಚ್, ವಿಕಿಟ್ರೀ, ಜೆನಿ ಇವು ಲೋಕಕ್ಕೆಲ್ಲ ಒಂದೇ ಮರ ಎಂಬ ಲೆಕ್ಕದವು. ನಿಮ್ಮ ಮುತ್ತಜ್ಜನ ಪುಟವನ್ನು ನಿಮ್ಮ ದೊಡ್ಡಪ್ಪನ ಮೊಮ್ಮಗ ಅಮೆರಿಕದಲ್ಲಿ ಕುಳಿತು ತಿದ್ದಬಹುದು. ಲಾಭವೂ ಅದೇ, ಜಗಳವೂ ಅದೇ. ಆನ್ಸೆಸ್ಟ್ರಿ, ಮೈಹೆರಿಟೇಜ್‌ಗಳಲ್ಲಿ ಮರ ನಿಮ್ಮದೇ, ಆದರೆ ದಾಖಲೆ ನೋಡಲು ಚಂದಾ ಬೇಕು. ಆ ದಾಖಲೆಗಳಲ್ಲಿ ನಮ್ಮವು ಕಡಿಮೆ ಎಂಬುದನ್ನು ಆಗಲೇ ನೋಡಿದೆವು. ಹಳೆಯ ಫೋಟೋದ ಅಜ್ಜ ಕಣ್ಣು ಮಿಟುಕಿಸುವಂತೆ ಮಾಡುವ ಆಟವನ್ನು ಮೈಹೆರಿಟೇಜ್ 2021ರಲ್ಲಿ ತಂದಾಗ ಮಕ್ಕಳಿಗೆ ಬಲು ಖುಷಿಯಾಯಿತು. ಕೆಲವು ಅಜ್ಜಿಯರು ಬೆಚ್ಚಿಬಿದ್ದರು ಎನ್ನಿ.

ಮೂರನೆಯದು, ನನ್ನ ಮಟ್ಟಿಗೆ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಒಳ್ಳೆಯದು, 'ಗ್ರ್ಯಾಂಪ್ಸ್' ಎಂಬ ಉಚಿತ ತಂತ್ರಾಂಶ. ಮನೆಯ ಕಂಪ್ಯೂಟರಿನಲ್ಲೇ ಇರುತ್ತದೆ, ಯಾರಿಗೂ ಏನೂ ಹೋಗುವುದಿಲ್ಲ, ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ಯಾವುದನ್ನೇ ಬಳಸಿ, 'ಜೆಡ್‌ಕಾಮ್' ಎಂಬ ನಮೂನೆಯಲ್ಲಿ ಪ್ರತಿ ತೆಗೆದುಕೊಳ್ಳಲು ಬರುತ್ತದೆಯೇ ಎಂದು ಮೊದಲು ನೋಡಿ. 1984ರಿಂದ ಬಳಕೆಯಲ್ಲಿರುವ ಆ ನಮೂನೆಯನ್ನು ಎಲ್ಲ ತಂತ್ರಾಂಶಗಳೂ ಓದುತ್ತವೆ. ನಾಳೆ ತಾಣವೊಂದು ಮುಚ್ಚಿದರೆ ಮರವನ್ನು ಬೇರೆ ಕಡೆ ನೆಡಬಹುದು. ಬದುಕಿರುವವರ ಜನ್ಮದಿನಾಂಕ, ತಾಯಿಯ ತೌರಿನ ಹೆಸರುಗಳನ್ನು ಸಾರ್ವಜನಿಕ ಮರದಲ್ಲಿ ಹಾಕಬೇಡಿ. ಬ್ಯಾಂಕಿನವರು ಗುರುತಿಗೆಂದು ಕೇಳುವ ಪ್ರಶ್ನೆಗಳ ಉತ್ತರ ಅವೇ.

ಬರೆಯುವಾಗ ಪ್ರತಿ ಹೆಸರಿನ ಪಕ್ಕದಲ್ಲಿ ಅದನ್ನು ಯಾರು ಹೇಳಿದರು, ಯಾವ ದಿನ, ಅಥವಾ ಯಾವ ಸರ್ವೆ ನಂಬರಿನ ಯಾವ ಮ್ಯುಟೇಷನ್ನಿನಲ್ಲಿ ಸಿಕ್ಕಿತು ಎಂದು ನಮೂದಿಸಿ. ಅಜ್ಜಿ ಒಂದು ಹೇಳಿ ಪಹಣಿ ಇನ್ನೊಂದು ಹೇಳಿದರೆ ಎರಡನ್ನೂ ಬರೆದುಕೊಳ್ಳಿ. ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದಾದರೆ ಮಧ್ಯಾಹ್ನದ ಊಟವಾದ ಮೇಲಿನ ಹೊತ್ತು ಒಳ್ಳೆಯದು. ಅವರ ತಾಯಿಯ ಹೆಸರಿನಿಂದಲೇ ಆರಂಭಿಸಿ.